ನೆರಳಿಗೆ ನಾಲ್ಕನೆಯ ಅಚ್ಚು

ಬರೆಯುವ ದ್ರವಕ್ಕೆ ಕನ್ನಡದಲ್ಲಿ ಎರಡು ಹೆಸರುಗಳುಂಟು. ಮಸಿ ಎನ್ನುವುದು ಒಂದು, ಶಾಯಿ ಎನ್ನುವುದು ಇನ್ನೊಂದು. ಮಸಿಯೆಂದರೆ ದೀಪದ ಕುಡಿಯೋ ಒಲೆಯ ಹೊಗೆಯೋ ಬಿಟ್ಟ ಕಪ್ಪು. ಶಾಯಿ ಎಂಬ ಮಾತು ಪಾರಸಿಯ ‘ಸಿಯಾಹಿ’ಯಿಂದ ಬಂದದ್ದು, ಅದರ ಅರ್ಥವೂ ಕಪ್ಪೇ. ಆದ್ದರಿಂದ ನಾವು ‘ಕೆಂಪು ಶಾಯಿ’ ಎಂದಾಗ, ಮಾತಿನ ಮೂಲವನ್ನು ಹಿಡಿದು ನೋಡಿದರೆ, ‘ಕೆಂಪು ಕಪ್ಪು’ ಎಂದಂತಾಗುತ್ತದೆ. ಭಾಷೆಯಲ್ಲಿ ಇಂಥ ತಮಾಷೆಗಳು ಬೇಕಾದಷ್ಟಿವೆ. ಅದಕ್ಕಾಗಿ ಯಾರೂ ಶಾಯಿಯನ್ನು ಬಿಟ್ಟಿಲ್ಲ. ಆದರೆ ಬಣ್ಣದ ಅಚ್ಚಿನ ಚರಿತ್ರೆಯನ್ನು ಓದುವಾಗ ಈ ಮಾತು ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಅಚ್ಚಿಗೆ ಮೊದಲು ಇದ್ದದ್ದು ಕಪ್ಪೊಂದೇ. ಆಮೇಲೆ ಬಣ್ಣಗಳು ಬಂದು, ಇನ್ನು ಕಪ್ಪಿನ ಹಂಗಿಲ್ಲವೆಂದು ಅದನ್ನು ಹೊರಗೆ ಕಳುಹಿಸಿದುವು. ಕೊನೆಗೆ ನೆರಳನ್ನು ಮೂಡಿಸಲಾರದೆ ಆ ಕಪ್ಪನ್ನೇ ಮರಳಿ ಕರೆತಂದುವು. ಇದೆಲ್ಲ ನಡೆಯಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಓದುಗರು ಒಳ್ಳೆಯ ಕಾಗದದ ಮೇಲೆ ಅಚ್ಚಾದ ಬಣ್ಣದ ಚಿತ್ರವೊಂದನ್ನು ಭೂತಗನ್ನಡಿ ಹಿಡಿದು ನೋಡಬೇಕು. ಬೆಳಕಿನ ಭಾಗವನ್ನಲ್ಲ, ಕತ್ತಲೆಯ ಭಾಗವನ್ನು: ಹೆಣ್ಣಿನ ಜಡೆಯನ್ನೋ, ಗರ್ಭಗುಡಿಯ ಬಾಗಿಲನ್ನೋ. ಬರಿಗಣ್ಣಿಗೆ ಅಚ್ಚಗಪ್ಪಾಗಿ ಕಂಡದ್ದು ಅಲ್ಲಿ ನೀಲಿ, ಕೆಂಪು, ಹಳದಿ ಚುಕ್ಕೆಗಳ ಸಂತೆಯಾಗಿ ಕಾಣುತ್ತದೆ. ಅವುಗಳ ನಡುವೆ ಕಪ್ಪು ಚುಕ್ಕೆಗಳೂ ಇರುತ್ತವೆ. ಇವುಗಳಲ್ಲಿ ಯಾವುದೊಂದು ಹೆಚ್ಚಾದರೂ ಕಡಿಮೆಯಾದರೂ ಜಡೆ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲವೆ ಬೂದಿ ಬಳಿದಂತಾಗುತ್ತದೆ. ಜಡೆ ಕೆಟ್ಟರೆ ಅದರ ಪಕ್ಕದ ಮುಖವೂ ಕೆಟ್ಟಂತೆಯೇ. ಬಣ್ಣ ಸರಿಯಾಗಿ ಬಂದಿದೆಯೆ ಎಂದು ನೋಡುವವರು ಸಾಮಾನ್ಯವಾಗಿ ಸೀರೆಯ ಕೆಂಪನ್ನೂ ಎಲೆಯ ಹಸುರನ್ನೂ ನೋಡುತ್ತಾರೆ. ಕೆಲಸ ಬಲ್ಲವರು ಮೊದಲು ನೆರಳನ್ನು ನೋಡುತ್ತಾರೆ.

ಮೂರು ಬಣ್ಣಗಳಿಂದ ಎಲ್ಲ ಬಣ್ಣಗಳನ್ನೂ ಅಚ್ಚು ಹಾಕಬಹುದೆಂದು ಮಾಡಿ ತೋರಿಸಿದವನು ಯಾಕೊಬ್ ಕ್ರಿಸ್ಟೊಫ್ ಲ ಬ್ಲಾನ್. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ೧೬೬೭ರಲ್ಲಿ ಹುಟ್ಟಿದವನು. ಕಸುಬಿನಿಂದ ಚಿತ್ರಕಾರ, ಸ್ವಭಾವದಿಂದ ಸಾಹಸಿ. ನ್ಯೂಟನ್ನನ ಬೆಳಕಿನ ಗ್ರಂಥ ೧೭೦೪ರಲ್ಲಿ ಹೊರಬಂದಿತ್ತು. ಅದರಲ್ಲಿ ಬಿಳಿಯ ಬೆಳಕು ಏಳು ಬಣ್ಣಗಳಾಗಿ ಒಡೆದಿತ್ತು. ಚಿತ್ರಕಾರನ ತಟ್ಟೆಯಲ್ಲಿ ಏಳು ಬೇಡ, ಮೂರು ಸಾಕು—ಹಳದಿ, ಕೆಂಪು, ನೀಲಿ—ಎಂಬುದು ಲ ಬ್ಲಾನನ ನಿಲುವು. ಇವನು ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದ. ಬೆಳಕಿನ ಬಣ್ಣಗಳೇ ಬೇರೆ, ಮುಟ್ಟಿ ಬಳಿಯುವ ಬಣ್ಣಗಳೇ ಬೇರೆ. ಬೆಳಕಿನ ಬಣ್ಣಗಳು ಎಲ್ಲವೂ ಸೇರಿದರೆ ಬಿಳುಪಾಗುತ್ತದೆ, ಬಳಿಯುವ ಬಣ್ಣಗಳು ಮೂರೂ ಸೇರಿದರೆ ಕಪ್ಪಾಗುತ್ತದೆ. ‘ಕೊಲೊರಿತ್ತೊ’ ಎಂಬ ಹೆಸರಿನಲ್ಲಿ ೧೭೨೫ರ ಸುಮಾರಿಗೆ ಲಂಡನ್ನಿನಲ್ಲಿ ಅವನು ಪ್ರಕಟಿಸಿದ ಸಣ್ಣ ಪುಸ್ತಕದಲ್ಲಿ ಈ ವಿವರಣೆ ಇದೆ.

ಅವನ ವಿಧಾನವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನೆರಳಿನ ಗುಟ್ಟೆಲ್ಲ ಅದರಲ್ಲಿದೆ. ತಾಮ್ರದ ತಗಡಿನ ಮೇಲೆ ಮೊನೆಯಿಂದ ಗೀರಿ ಚಿತ್ರ ತೆಗೆಯುವುದು ಹಳೆಯ ಪದ್ಧತಿ. ಅದರಲ್ಲಿ ಬಿಳಿಯ ತಗಡಿಗೆ ಕಪ್ಪು ಗೆರೆಯನ್ನು ಸೇರಿಸುತ್ತ ಹೋಗಬೇಕು. ೧೬೪೨ರಲ್ಲಿ ಲುಡ್ವಿಗ್ ಫಾನ್ ಜೀಗನ್ ಎಂಬವನು ಕಂಡುಹಿಡಿದ ಮೆಜೊಟಿಂಟ್ ವಿಧಾನ ಮುಂದೆ ಬೆಳೆದು ಇದಕ್ಕೆ ತೀರ ತಲೆಕೆಳಗಾಯಿತು. ಬಾಯಿಯ ತುಂಬ ಹಲ್ಲುಗಳಿದ್ದು ಬಾಗಿದ ಅಲಗಿನ ಒಂದು ಹತಾರವನ್ನು ತಗಡಿನ ಮೇಲೆ ಅತ್ತಿತ್ತ ತೂಗಿ, ಇಡೀ ತಗಡನ್ನು ಒರಟು ಮಾಡುತ್ತಾರೆ. ತೂಗುವ ಹತಾರವಾದ್ದರಿಂದ ಫ್ರೆಂಚರು ಅದಕ್ಕೆ ‘ತೊಟ್ಟಿಲು’ ಎಂದೇ ಹೆಸರಿಟ್ಟರು. ಆ ಸ್ಥಿತಿಯಲ್ಲಿ ತಗಡಿಗೆ ಮಸಿ ತುಂಬಿ ಒತ್ತಿದರೆ ಮಕಮಲ್ಲಿನಂಥ ಕಗ್ಗಪ್ಪು ಮೂಡುತ್ತದೆ. ಆಮೇಲೆ ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಲ್ಲಿ ಕೆರೆದು ನುಣುಪು ಮಾಡುತ್ತಾರೆ. ಇಲ್ಲಿ ಕತ್ತಲೆ ಮೊದಲು, ಬೆಳಕು ಅದರೊಳಗಿಂದ ತೆಗೆದದ್ದು. ನೆರಳನ್ನೇ ನೆಲಗಟ್ಟಾಗಿಟ್ಟುಕೊಂಡ ವಿಧಾನ ಇದೊಂದೇ ಎಂದು ನನಗೆ ತೋರುತ್ತದೆ.

ಲ ಬ್ಲಾನ್ ಇಂಥ ಮೂರು ತಗಡುಗಳನ್ನು ಸಿದ್ಧಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ ತುಂಬಿ, ಒಂದೇ ಕಾಗದದ ಮೇಲೆ ಒಂದಾದ ಮೇಲೊಂದರಂತೆ ಒತ್ತಿದ. ಮುಂದಿಟ್ಟುಕೊಂಡ ಎಣ್ಣೆಚಿತ್ರದಲ್ಲಿ ಒಂದು ಕೆನ್ನೆಯಿದೆ ಎನ್ನೋಣ. ಆ ಕೆನ್ನೆಯ ಅಂಚಿನಲ್ಲಿ ನೀಲಿ ಎಷ್ಟು, ಹಳದಿ ಎಷ್ಟು, ಕೆಂಪು ಎಷ್ಟು ಎಂಬುದನ್ನು ಹೇಳಲು ಆಗ ಕ್ಯಾಮೆರಾ ಇರಲಿಲ್ಲ, ಬಣ್ಣದ ಗಾಜು ಇರಲಿಲ್ಲ. ಬರಿಗಣ್ಣಿನಿಂದ ಬಣ್ಣವನ್ನು ಮೂರಾಗಿ ಬಿಡಿಸಿ, ಮೂರು ತಗಡುಗಳಲ್ಲಿ ಬೇರೆ ಬೇರೆಯಾಗಿ ಕೆರೆಯಬೇಕಾಗಿತ್ತು. ಇಂದು ಯಂತ್ರ ಮಾಡುವ ಕೆಲಸವನ್ನು ಅವನ ಕಣ್ಣು ಮಾಡುತ್ತಿತ್ತು. ಇಂಗ್ಲೆಂಡಿನ ಒಂದನೆಯ ಜಾರ್ಜ್ ದೊರೆ ೧೭೧೯ರಲ್ಲಿ ಇದಕ್ಕೆ ಹಕ್ಕುಪತ್ರ ಕೊಟ್ಟ. ಲಂಡನ್ನಿನಲ್ಲಿ ಷೇರು ಕೂಡಿಸಿ ಚಿತ್ರಗಳ ಕಂಪನಿಯೊಂದು ಹುಟ್ಟಿತು. ಕೆಲವೇ ವರ್ಷಗಳಲ್ಲಿ ದಿವಾಳಿ ಎದ್ದಿತು. ಬಳಿಕ ಅವನು ಕೈಹಾಕಿದ ಚಿತ್ರಕಂಬಳಿ ನೇಯುವ ಉದ್ಯಮವೂ ಮುಳುಗಿತು. ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ, ೧೭೪೧ರಲ್ಲಿ ಅಲ್ಲಿಯೇ ತೀರಿಕೊಂಡ.

ಮೂರೇ ಸಾಕೆಂಬುದು ಅವನ ಸಿದ್ಧಾಂತವಾಗಿತ್ತಷ್ಟೆ. ಆದರೆ ಅವನೇ ಕೆಲವು ಚಿತ್ರಗಳಿಗೆ ಕಪ್ಪಿನ ತಗಡೊಂದನ್ನು ಸೇರಿಸಿದ್ದಾನೆ. ಮೂರು ಬಣ್ಣ ಸೇರಿದರೆ ಕಪ್ಪು ಎಂದು ಪುಸ್ತಕದಲ್ಲಿ ಬರೆದವನಿಗೆ ಕಾಗದದ ಮೇಲೆ ಕಂಡದ್ದು ಕೆಸರುಗಂದು. ಸ್ವಲ್ಪ ಕಾಲ ಅವನ ಬಳಿ ಕೆಲಸ ಮಾಡಿದ್ದ ಗೋತಿಯೆ ದಗೋತಿ ಎಂಬ ಫ್ರೆಂಚನು ಮುಂದೆ ಆ ನಾಲ್ಕನೆಯ ತಗಡನ್ನೇ ಮುಂದಿಟ್ಟು, ಬಣ್ಣದ ಅಚ್ಚಿನ ನಿಜವಾದ ಕರ್ತೃ ತಾನೇ ಎಂದು ವಾದ ಹೂಡಿದ. ಮನುಷ್ಯದೇಹದ ಸ್ನಾಯುಗಳನ್ನು ತೋರಿಸುವ ಇವನ ದೊಡ್ಡ ದೊಡ್ಡ ಚಿತ್ರಗಳು ೧೭೪೬ರಲ್ಲಿ ಹೊರಬಂದುವು. ವಾದದಲ್ಲಿ ನನಗೆ ಲ ಬ್ಲಾನನ ಕಡೆಗೇ ಒಲವು. ಆದರೂ ನಾಲ್ಕನೆಯ ತಗಡಿಲ್ಲದೆ ನಡೆಯದೆಂದು ಬಾಯಿಬಿಟ್ಟು ಹೇಳಿದವನು ದಗೋತಿ. ಅಷ್ಟನ್ನು ಅವನಿಗೆ ಸಲ್ಲಿಸಬೇಕು.

ಮೆಜೊಟಿಂಟಿನ ತಗಡು ಬಹು ಬೇಗ ಸವೆಯುತ್ತದೆ. ಕೆಲವೇ ನೂರು ಪ್ರತಿಗಳಾಗುವಷ್ಟರಲ್ಲಿ ಆ ಮಕಮಲ್ಲಿನ ಕಪ್ಪು ಬೋಳಾಗುತ್ತದೆ. ಹೀಗಾಗಿ ಅದು ಸಿರಿವಂತರ ಮನೆಯ ಚಿತ್ರವಾಗಿಯೇ ಉಳಿಯಿತು. ಬಡವರ ಗೋಡೆಗೆ ಬಣ್ಣವನ್ನು ತಂದದ್ದು ಕಲ್ಲಚ್ಚು. ಮ್ಯೂನಿಕ್ಕಿನ ಆಲೊಯ್ಸ್ ಸೆನೆಫೆಲ್ಡರ್ ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇದನ್ನು ರೂಪಿಸಿದ. ಎಣ್ಣೆಗೂ ನೀರಿಗೂ ಸೇರುವುದಿಲ್ಲ ಎಂಬ, ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯೇ ಇದರ ಆಧಾರ. ನಮ್ಮ ನಾಡಿಗೆ ಇದು ಬಹಳ ಬೇಗ ಬಂತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ೧೮೪೧ರಲ್ಲಿ ಕಲ್ಲಚ್ಚನ್ನು ಹೂಡಿದರು. ೧೮೪೩ರಲ್ಲಿ ಹರ್ಮನ್ ಮೊಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲೇ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆ ಕಲ್ಲಿನಿಂದ ಎದ್ದದ್ದು ಎಂಬುದು ಶಾಸನಗಳ ನಾಡಿಗೆ ಒಪ್ಪುವ ಮಾತೇ. ಆದರೆ ಅದು ಒಂಟಿ ಕಪ್ಪಿನ ಅಚ್ಚು. ಬಣ್ಣದ ಕಲ್ಲಚ್ಚಿಗೆ ಗೊಡಫ್ರಾ ಎಂಗೆಲ್‌ಮನ್ ಎಂಬವನು ೧೮೩೭ರಲ್ಲಿ ಫ್ರಾನ್ಸಿನಲ್ಲಿ ಹಕ್ಕು ಪಡೆದಿದ್ದ. ನಮ್ಮವರ ಮನೆಗಳನ್ನು ಅದು ಮುಟ್ಟಿದ್ದು ಶತಮಾನದ ಕೊನೆಯಲ್ಲಿ, ರಾಜಾ ರವಿವರ್ಮನ ಮೂಲಕ.

ರವಿವರ್ಮನ ಚಿತ್ರಗಳಿಗೆ ಬೇಡಿಕೆ ಎಷ್ಟಿತ್ತೆಂದರೆ, ಒಬ್ಬನ ಕೈಯಿಂದ ಅದನ್ನು ಪೂರೈಸುವುದು ಆಗದ ಮಾತು. ಆಯ್ದ ಕೆಲವನ್ನು ಯೂರೋಪಿಗೆ ಕಳುಹಿಸಿ ಅಚ್ಚು ಹಾಕಿಸಬೇಕೆಂದು ೧೮೮೪ರಲ್ಲಿ ಸರ್ ಟಿ. ಮಾಧವರಾಯರು ಅವನಿಗೆ ಬರೆದರು. ತಿರುವಾಂಕೂರು, ಇಂದೂರು, ಬರೋಡಗಳಲ್ಲಿ ದಿವಾನಗಿರಿ ಮಾಡಿದ್ದ ಅವರಿಗೆ ದೇಶದ ನಾಡಿ ತಿಳಿದಿತ್ತು. ರವಿವರ್ಮ ಯೂರೋಪಿಗೆ ಕಳುಹಿಸುವ ಬದಲು, ೧೮೯೪ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ತಾನೇ ಮುದ್ರಣಾಲಯ ತೆರೆದ; ಯಂತ್ರಗಳೂ ಕೆಲಸಗಾರರೂ ಜರ್ಮನಿಯಿಂದ ಬಂದರು. ಕೆಲವು ವರ್ಷಗಳ ಬಳಿಕ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ ಕುಶಲಿಗೆ ಮಾರಾಟವಾಯಿತು.

ರವಿವರ್ಮನ ಎಣ್ಣೆಚಿತ್ರದಲ್ಲಿ ನೆರಳೆಂಬುದು ತೆಳ್ಳನೆಯ ಕಂದುಬಣ್ಣಗಳ ಪದರ. ಒಂದು ಪದರದ ಕೆಳಗಿಂದ ಇನ್ನೊಂದು ಮಿನುಗುತ್ತದೆ, ಕತ್ತಲೆಯೊಳಗೂ ಬಿಸುಪಿದೆ. ಕಲ್ಲಿನ ಮೇಲೆ ಇದನ್ನು ಇಳಿಸುವುದು ಹೇಗೆ? ಒಂದು ಬಣ್ಣಕ್ಕೆ ಒಂದು ಕಲ್ಲು. ಮೈಬಣ್ಣಕ್ಕೊಂದು, ಅದರ ತಿಳಿನೆರಳಿಗೊಂದು, ಗಾಢ ನೆರಳಿಗೊಂದು, ತುಟಿಯ ಕೆಂಪಿಗೊಂದು—ಹೀಗೆ ಒಂದು ಚಿತ್ರಕ್ಕೆ ಹತ್ತು ಹನ್ನೆರಡು ಕಲ್ಲುಗಳಾದರೂ ಬೇಕು. ಪ್ರತಿ ಕಲ್ಲಿನ ಮೇಲೂ ಕುಶಲಿಯೊಬ್ಬ ಜಿಡ್ಡಿನ ಕಡ್ಡಿಯಿಂದ ಚುಕ್ಕೆ ಚುಕ್ಕೆಯಾಗಿ ಬಿಡಿಸಬೇಕು. ಒಂದು ಕಲ್ಲಿನ ಅಚ್ಚು ಕೂದಲೆಳೆಯಷ್ಟು ಸರಿದರೂ ದೇವಿಗೆ ಎರಡು ಮೂಗುತಿ. ಅಚ್ಚಾದ ಮೇಲೆ ಕಾಗದಕ್ಕೆ ಬಟ್ಟೆಯ ನೇಯ್ಗೆಯ ಗುರುತೊತ್ತಿ, ವಾರ್ನಿಷ್ ಹಚ್ಚಿ, ಎಣ್ಣೆಚಿತ್ರವೆಂಬ ಭ್ರಮೆ ಹುಟ್ಟಿಸುವುದೂ ಉಂಟು.

ಕಲ್ಲುಗಳ ಸಂಖ್ಯೆ ಹೆಚ್ಚಿದಂತೆ ಖರ್ಚೂ ಹೆಚ್ಚು. ವ್ಯಾಪಾರ ಬೆಳೆದಂತೆ ಕಲ್ಲುಗಳನ್ನು ಉಳಿಸುವ ಆಸೆ ಹುಟ್ಟುವುದು ಸಹಜ. ಮೊದಲು ಬಲಿಯಾಗುವುದು ನೆರಳಿನ ಕಲ್ಲು. ಸೀರೆಯ ಕೆಂಪನ್ನು ತೆಗೆದರೆ ಕೊಳ್ಳುವವನು ಕೇಳುತ್ತಾನೆ, ಕತ್ತಿನ ಕೆಳಗಣ ತಿಳಿನೆರಳನ್ನು ತೆಗೆದರೆ ಯಾರೂ ಕೇಳುವುದಿಲ್ಲ. ಮೂಲಚಿತ್ರವನ್ನೂ ಅಗ್ಗದ ಪ್ರತಿಯನ್ನೂ ಅಕ್ಕಪಕ್ಕದಲ್ಲಿ ಕಂಡವರಿಗೆ ವ್ಯತ್ಯಾಸ ಹೇಳಬೇಕಾಗಿಲ್ಲ. ಮೂಲದಲ್ಲಿ ಮೈಯುಳ್ಳ ಹೆಣ್ಣು. ಪ್ರತಿಯಲ್ಲಿ ಕತ್ತರಿಸಿ ಅಂಟಿಸಿದ ಬೊಂಬೆ. ರವಿವರ್ಮನ ಕಲೆಯನ್ನು ಕ್ಯಾಲೆಂಡರಿನ ಕಲೆಯೆಂದು ಹಳಿದ ವಿಮರ್ಶಕರಲ್ಲಿ ಎಷ್ಟೋ ಜನ ಹಳಿದದ್ದು ಅವನ ಕುಂಚವನ್ನಲ್ಲ, ಉಳಿತಾಯ ಮಾಡಿದ ಕಲ್ಲುಗಳನ್ನು. ಅವನ ಚಿತ್ರಗಳ ಬಗೆಗೆ ನನಗೂ ಆಕ್ಷೇಪಗಳಿಲ್ಲದಿಲ್ಲ. ಆದರೆ ಅವು ಮೂಲವನ್ನು ನೋಡಿ ಮಾಡಬೇಕಾದ ಆಕ್ಷೇಪಗಳು.

ಇಷ್ಟರೊಳಗೆ ಬಣ್ಣ ಬಿಡಿಸುವ ಕೆಲಸ ಕಣ್ಣಿನಿಂದ ಕ್ಯಾಮೆರಾಕ್ಕೆ ದಾಟುತ್ತಿತ್ತು. ಕೆಂಪು, ಹಸುರು, ನೀಲಿ ಗಾಜುಗಳ ಮೂಲಕ ತೆಗೆದ ಮೂರು ಛಾಯಾಚಿತ್ರಗಳನ್ನು ಕೂಡಿಸಿ ಬಣ್ಣವನ್ನು ಮರಳಿ ಪಡೆಯಬಹುದೆಂದು ಮ್ಯಾಕ್ಸ್‌ವೆಲ್ ೧೮೬೧ರಲ್ಲಿ ಲಂಡನ್ನಿನಲ್ಲಿ ತೋರಿಸಿದ. ಆಗಿನ ಫಲಕಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಅವನ ಪಟ್ಟಿಯ ಕೆಂಪು ಬಣ್ಣ ಕಣ್ಣಿಗೆ ಕಾಣದ ಅತಿನೇರಳೆಯನ್ನೂ ಹೊಮ್ಮಿಸುತ್ತಿದ್ದುದರಿಂದ ಪ್ರಯೋಗ ಗೆದ್ದಿತೆಂದು ನೂರು ವರ್ಷಗಳ ಬಳಿಕ, ೧೯೬೧ರಲ್ಲಿ, ತಿಳಿದುಬಂತು. ೧೮೬೯ರಲ್ಲಿ ಫ್ರಾನ್ಸಿನ ಡ್ಯುಕೊ ದ್ಯು ಒರಾನ್, ಶಾರ್ಲ್ ಕ್ರೋ ಎಂಬಿಬ್ಬರು, ಒಬ್ಬರಿಗೊಬ್ಬರು ತಿಳಿಯದಂತೆ, ಇದನ್ನು ಅಚ್ಚಿಗೆ ಒಗ್ಗುವ ಮೂರು ಬಣ್ಣಗಳಿಗೆ ಹೊಂದಿಸಿದರು. ಉಳಿದದ್ದು ಛಾಯಾಚಿತ್ರದ ನಯವಾದ ಏರಿಳಿತವನ್ನು ಲೋಹದ ಬ್ಲಾಕಿಗೆ ಇಳಿಸುವುದು. ಬ್ಲಾಕಿಗೆ ಎರಡೇ ಮಾತು ಗೊತ್ತು: ಶಾಯಿ ಉಂಟು, ಶಾಯಿ ಇಲ್ಲ. ನಡುವಣ ಬೂದುಬಣ್ಣ ಅದಕ್ಕೆ ತಿಳಿಯದು. ಆದ್ದರಿಂದ ಅಡ್ಡಗೆರೆ ಉದ್ದಗೆರೆ ಕೊರೆದ ಗಾಜಿನ ಜರಡಿಯನ್ನು ಫಲಕದ ಮುಂದೆ ಸ್ವಲ್ಪ ದೂರದಲ್ಲಿಟ್ಟು ಚಿತ್ರವನ್ನು ಚುಕ್ಕೆಗಳಾಗಿ ಒಡೆಯುತ್ತಾರೆ. ನೆರಳಿದ್ದಲ್ಲಿ ಚುಕ್ಕೆ ದಪ್ಪ, ಬೆಳಕಿದ್ದಲ್ಲಿ ಸಣ್ಣ. ಇದೇ ಹಾಫ್‌ಟೋನ್.

ಈ ಹಾಫ್‌ಟೋನಿನ ಲೆಕ್ಕವನ್ನು ಜಗತ್ತಿಗೆ ಬಿಡಿಸಿ ಹೇಳಿದವರಲ್ಲಿ ಕಲ್ಕತ್ತೆಯ ಒಬ್ಬ ಮಕ್ಕಳ ಸಾಹಿತಿಯೂ ಸೇರಿದ್ದಾನೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಉಪೇಂದ್ರಕಿಶೋರ ರಾಯಚೌಧುರಿ ೧೮೬೩ರಲ್ಲಿ ಹುಟ್ಟಿದವರು. ಸಿನಿಮಾದ ಸತ್ಯಜಿತ್ ರಾಯರ ಅಜ್ಜ. ಮಕ್ಕಳಿಗಾಗಿ ರಾಮಾಯಣ ಬರೆದು ಅದಕ್ಕೆ ತಾವೇ ಚಿತ್ರಗಳನ್ನೂ ಬಿಡಿಸಿದರು. ಮರದ ಅಚ್ಚಿನಲ್ಲಿ ಆ ಚಿತ್ರಗಳು ಗುರುತು ಸಿಗದಂತೆ ಕೆಟ್ಟು ಬಂದುವು. ಬೇರೊಬ್ಬರಾಗಿದ್ದರೆ ಅಚ್ಚಿನವನನ್ನು ಬೈದು ಸುಮ್ಮನಾಗುತ್ತಿದ್ದರು. ಇವರು ಇಂಗ್ಲೆಂಡಿನಿಂದ ಪುಸ್ತಕಗಳನ್ನೂ ಉಪಕರಣಗಳನ್ನೂ ತರಿಸಿಕೊಂಡು, ಗುರುವಿಲ್ಲದೆ ಕಲಿತು, ೧೮೯೫ರಲ್ಲಿ ತಮ್ಮದೇ ಬ್ಲಾಕ್ ತಯಾರಿಕೆಯ ಸಂಸ್ಥೆಯನ್ನು ತೆರೆದರು. ‘ಯು. ರೇ ಅಂಡ್ ಸನ್ಸ್’ ಎಂದು ಮುಂದೆ ಹೆಸರಾದದ್ದು ಅದೇ.

ಆ ಕಾಲದ ಬ್ಲಾಕ್ ಕೆಲಸಗಾರರು ಜರಡಿಯನ್ನು ಫಲಕದಿಂದ ಎಷ್ಟು ದೂರದಲ್ಲಿಡಬೇಕೆಂಬುದನ್ನು ಕೈಯಳತೆಯಿಂದ ತಿಳಿಯುತ್ತಿದ್ದರು. ದೂರ ತಪ್ಪಿದರೆ ನೆರಳಿಗೇ ಮೊದಲ ಪೆಟ್ಟು. ಗಾಢ ನೆರಳಿನಲ್ಲಿ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು, ನಡುವೆ ಸೂಜಿಮೊನೆಯಷ್ಟು ಬಿಳುಪು ಮಾತ್ರ ಉಳಿಯಬೇಕು. ಆ ಬಿಳುಪು ಮುಚ್ಚಿಹೋದರೆ ನೆರಳು ಉಸಿರು ಕಟ್ಟಿ ಕರಿಯ ತೇಪೆಯಾಗುತ್ತದೆ. ಹಿಗ್ಗಿದರೆ ಕತ್ತಲೆ ಬೂದಿಯಾಗುತ್ತದೆ. ಉಪೇಂದ್ರಕಿಶೋರರು ಇದನ್ನು ಅದೃಷ್ಟಕ್ಕೆ ಬಿಡಲು ಒಪ್ಪಲಿಲ್ಲ. ಜರಡಿಯ ಒಂದೊಂದು ಕಿಂಡಿಯೂ ಒಂದೊಂದು ಪುಟ್ಟ ಕ್ಯಾಮೆರಾ. ಮಸೂರದ ಬಾಯಿಯ ಗಾತ್ರ, ಆಕಾರ, ಜರಡಿಯ ದೂರ, ಗೆರೆಗಳ ದಟ್ಟಣೆ ಇವುಗಳಿಗೆ ಪರಸ್ಪರ ಲೆಕ್ಕವುಂಟು—ಆ ಲೆಕ್ಕವನ್ನು ಅವರು ಹಿಡಿದು ಹೊರಟರು. ಲಂಡನ್ನಿನಲ್ಲಿ ಪ್ರಕಟವಾಗುತ್ತಿದ್ದ, ಮುದ್ರಣಕಲೆಗೆ ಪ್ರಮಾಣವೆನಿಸಿದ್ದ ಪೆನ್‌ರೋಸ್ ವಾರ್ಷಿಕದಲ್ಲಿ ೧೮೯೭ರಿಂದ ೧೯೧೨ರೊಳಗೆ ಈ ವಿಷಯವಾಗಿ ಲೇಖನಮಾಲೆಯನ್ನೇ ಬರೆದರು. ಜರಡಿಯ ಗೆರೆಗಳು ೯೦ ಡಿಗ್ರಿಗಳಲ್ಲಿ ಹಾಯುವುದು ವಾಡಿಕೆ. ೬೦ ಡಿಗ್ರಿಗಳಲ್ಲಿ ಹಾಯುವ ಜರಡಿಯ ಕುರಿತೂ ಅವರದೊಂದು ಲೇಖನವಿದೆ. ಯಂತ್ರಗಳು ಹುಟ್ಟುವ ಊರಿಗೆ ಸಾವಿರಾರು ಮೈಲಿ ದೂರದಲ್ಲಿ ಕುಳಿತು, ಯಂತ್ರ ಮಾಡುವವರಿಗೇ ಪಾಠ ಹೇಳಿದ ಈ ಕೆಲಸವನ್ನು ನಮ್ಮ ವಿಜ್ಞಾನದ ಚರಿತ್ರೆಗಳು ಇನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿದಂತಿಲ್ಲ. ಅವರ ಮಗ ಸುಕುಮಾರ ರಾಯರು ೧೯೧೧ರಲ್ಲಿ ಇಂಗ್ಲೆಂಡಿಗೆ ಹೋಗಿ ಇದೇ ವಿದ್ಯೆಯನ್ನು ಕಲಿತು ಬಂದರು. ೧೯೧೩ರಲ್ಲಿ ತಂದೆ ಹೊರಡಿಸಿದ ಮಕ್ಕಳ ಮಾಸಪತ್ರಿಕೆ ‘ಸಂದೇಶ’ದ ಚಿತ್ರಗಳು ಅಂಥ ಕೈಯಿಂದ ಬಂದವು. ೧೯೧೫ರಲ್ಲಿ ಉಪೇಂದ್ರಕಿಶೋರರು ತೀರಿಕೊಂಡರು.

ಬಂಗಾಳದ ಹೊಸ ಚಿತ್ರಕಲೆಯನ್ನು ಉಳಿದ ಭಾರತ ಹೆಚ್ಚಾಗಿ ಕಂಡದ್ದು ‘ಪ್ರವಾಸಿ’, ‘ಮಾಡರ್ನ್ ರಿವ್ಯೂ’ ಪತ್ರಿಕೆಗಳ ಬಣ್ಣದ ಪುಟಗಳಲ್ಲಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರ ಚಿತ್ರಗಳೂ ಇಂಥ ಅಚ್ಚಿನ ದಾರಿಯನ್ನು ಹಿಡಿದುವು. ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿಯವರು ಬರೆದು ೧೯೧೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಹಿಂದೂ–ಬೌದ್ಧ ಪುರಾಣಕಥೆಗಳ ಗ್ರಂಥದಲ್ಲಿ ಅವು ಸೇರಿವೆ. ಆ ಪಂಥದ ನೆರಳು ರವಿವರ್ಮನದರಂತಲ್ಲ. ಬಣ್ಣ ಬಳಿದು, ನೀರಿನಲ್ಲಿ ತೋಯಿಸಿ, ಮತ್ತೆ ಬಳಿದು ಹುಟ್ಟಿಸಿದ ಮುಸ್ಸಂಜೆಯ ಮಬ್ಬು ಅದು. ಬ್ಲಾಕು ಮಾಡುವವನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಡ.

ಪರೀಕ್ಷೆಯಲ್ಲಿ ತೊಡಕಾದದ್ದು ಶಾಯಿಯ ಗುಣವೇ. ಮೂರು ಶಾಯಿಗಳೂ ಶುದ್ಧವಾಗಿದ್ದರೆ ಒಂದೊಂದು ಬೆಳಕಿನ ಒಂದೊಂದು ಭಾಗವನ್ನು ಮಾತ್ರ ನುಂಗಬೇಕು. ಹಳದಿ ಸುಮಾರಾಗಿ ಪ್ರಾಮಾಣಿಕ. ಅದು ನೀಲಿ ಬೆಳಕನ್ನು ನುಂಗಿ ಸುಮ್ಮನಿರುತ್ತದೆ. ಕೆಂಪು ಶಾಯಿ ಹಸುರನ್ನು ನುಂಗುವುದಲ್ಲದೆ ನೀಲಿಯನ್ನೂ ಕಬಳಿಸುತ್ತದೆ. ನೀಲಿ ಶಾಯಿಯಂತೂ ಕೆಂಪಿನ ಜೊತೆಗೆ ಹಸುರಿಗೂ ಬಾಯಿಹಾಕುತ್ತದೆ. ಹೀಗಾಗಿ ಮೂರನ್ನೂ ಸಮವಾಗಿ ಒತ್ತಿದರೆ ಕಪ್ಪಾಗುವುದಿಲ್ಲ, ಕಂದಾಗುತ್ತದೆ. ಲ ಬ್ಲಾನನನ್ನು ಕೆಡಿಸಿದ್ದೂ ಇದೇ ಕಂದು. ಇದನ್ನು ತಿದ್ದಲು ಬ್ಲಾಕ್ ಕೆಲಸಗಾರ ತಾಮ್ರದ ಮೇಲೆ ಕುಂಚದಿಂದ ಆಮ್ಲ ಹಚ್ಚಿ, ಇಲ್ಲಿಷ್ಟು ಅಲ್ಲಿಷ್ಟು ಚುಕ್ಕೆಗಳನ್ನು ಕರಗಿಸುತ್ತಿದ್ದ. ಕ್ಯಾಮೆರಾ ಬಂದರೂ ಕಣ್ಣಿನ ಕೆಲಸ ತಪ್ಪಲಿಲ್ಲ. ಅದೂ ಸಾಲದೆ ನಾಲ್ಕನೆಯ ಬ್ಲಾಕ್ ಮರಳಿ ಬಂತು. ಚಿತ್ರದ ನೆರಳುಗಳನ್ನಷ್ಟೇ ಹೊತ್ತ, ಅಸ್ಥಿಪಂಜರದಂಥ ಕಪ್ಪು ಬ್ಲಾಕ್. ಉಳಿದ ಬ್ಲಾಕುಗಳನ್ನು ಇದಕ್ಕೆ ಸರಿಹೊಂದಿಸುವುದರಿಂದ ಇಂಗ್ಲಿಷಿನವರು ಇದನ್ನು ‘ಕೀ’, ಎಂದರೆ ಬೀಗದ ಕೈ, ಎಂದರು.

ಬಂದ ಅತಿಥಿಗೆ ಕೂರಲು ಜಾಗ ಬೇಕಷ್ಟೆ. ಚುಕ್ಕೆಯ ಸಾಲುಗಳು ಒಂದರ ಮೇಲೊಂದು ನೇರವಾಗಿ ಬಿದ್ದರೆ ನೀರಲೆಯಂಥ ಕೆಟ್ಟ ವಿನ್ಯಾಸ ಏಳುತ್ತದೆ. ಇದನ್ನು ತಪ್ಪಿಸಲು ಒಂದೊಂದು ಬಣ್ಣದ ಜರಡಿಯನ್ನು ೩೦ ಡಿಗ್ರಿಗಳಷ್ಟು ತಿರುಗಿಸುತ್ತಾರೆ. ೯೦ ಡಿಗ್ರಿಗಳೊಳಗೆ ಮೂರು ಬಣ್ಣಗಳು ಅಚ್ಚುಕಟ್ಟಾಗಿ ಕೂರುತ್ತವೆ, ನಾಲ್ಕನೆಯದಕ್ಕೆ ಸ್ಥಳವಿಲ್ಲ. ಕಣ್ಣಿಗೆ ಕಡಿಮೆ ಕಾಣುವ ಹಳದಿಯನ್ನು ಸಂದಿಗೆ ತಳ್ಳಿ, ಅದಕ್ಕೂ ನೆರೆಯವರಿಗೂ ನಡುವೆ ೧೫ ಡಿಗ್ರಿಗಳನ್ನಷ್ಟೇ ಉಳಿಸಿ, ಚುಕ್ಕೆಸಾಲು ತೀರ ಕಡಿಮೆ ಎದ್ದುಕಾಣುವ ೪೫ ಡಿಗ್ರಿಯನ್ನು ಕಪ್ಪಿಗೆ ಬಿಟ್ಟುಕೊಟ್ಟರು. ಆದರೆ ನಾಲ್ಕನೆಯ ಬ್ಲಾಕೆಂದರೆ ಇನ್ನೊಂದು ಬ್ಲಾಕಿನ ಬೆಲೆ, ಇನ್ನೊಂದು ಸಲ ಒತ್ತುವ ಕೂಲಿ. ಪತ್ರಿಕೆಗಳು ಬಹುಕಾಲ ಮೂರರಲ್ಲೇ ನಡೆಸಿಕೊಂಡು ಹೋದುವು. ಕನ್ನಡದಲ್ಲೂ ‘ತ್ರಿವರ್ಣ ಚಿತ್ರ’ವೆಂಬ ಮಾತು ಹೆಮ್ಮೆಯ ಮಾತಾಗಿ ನಿಂತದ್ದು ಹೀಗೆಯೆ.

ಬ್ಲಾಕುಗಳ ಕಾಲ ಮುಗಿದು ಆಫ್‌ಸೆಟ್ ಬಂತು. ಅದರ ಹಿಂದೆಯೇ ಗಣಕಯಂತ್ರ ಬಂತು. ಗಣಕದ ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಕಾಗದ ಶಾಯಿಯಿಂದ. ಪರದೆಯ ಮೇಲೆ ಹೊಳೆದ ಬಣ್ಣ ಕಾಗದದ ಮೇಲೆ ಏಕೆ ಮಂಕಾಯಿತು ಎಂದು ಕೇಳುವ ಹುಡುಗರಿಗೆ ಲ ಬ್ಲಾನನ ಸಣ್ಣ ಪುಸ್ತಕವನ್ನೇ ಓದಿಸಬಹುದು. ಕಪ್ಪಿನ ಲೆಕ್ಕ ಈಗ ಇನ್ನೂ ವಿಚಿತ್ರವಾಗಿದೆ. ಒಂಟಿ ಕಪ್ಪು ಶಾಯಿಯನ್ನು ಎಷ್ಟು ಗಾಢವಾಗಿ ಒತ್ತಿದರೂ ದೊಡ್ಡ ಜಾಗದಲ್ಲಿ ಬೂದುಬೂದಾಗಿಯೇ ಕಾಣುತ್ತದೆ. ಅದರ ಅಡಿಯಲ್ಲಿ ನೀಲಿ ೬೦, ಕೆಂಪು ೪೦, ಹಳದಿ ೪೦ ಪಾಲು ಹಾಸಿ ಮೇಲೆ ಪೂರ್ಣ ೧೦೦ ಪಾಲು ಕಪ್ಪು ಒತ್ತಿದರೆ ಆಳವಾದ ಕಗ್ಗಪ್ಪು ಬರುತ್ತದೆ. ಅಚ್ಚುಕೂಟದವರು ಇದನ್ನು ‘ರಿಚ್ ಬ್ಲ್ಯಾಕ್’ ಎನ್ನುತ್ತಾರೆ. ಒಟ್ಟು ೨೪೦ ಆಯಿತು. ಮನಸ್ಸಿದ್ದಷ್ಟು ಸುರಿಯುವಂತಿಲ್ಲ, ವೃತ್ತಪತ್ರಿಕೆಯ ಕಾಗದ ತಾಳುವುದು ಹೆಚ್ಚುಕಡಿಮೆ ಈ ೨೪೦ನ್ನೇ, ನುಣುಪು ಕಾಗದ ೩೦೦ರ ಆಸುಪಾಸನ್ನು. ಮೀರಿದರೆ ಶಾಯಿ ಒಣಗದೆ ಎದುರುಪುಟಕ್ಕೆ ಅಂಟುತ್ತದೆ. ಸಣ್ಣ ಅಕ್ಷರಗಳಿಗಂತೂ ಈ ಸಂಭ್ರಮ ಬೇಡವೇ ಬೇಡ. ಒಂದು ಬಣ್ಣ ಸರಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಕಾಣಿಸಿಕೊಳ್ಳುತ್ತದೆ.

ಹಿಂದೆ ಖರ್ಚೆಂದು ದೂರವಿಟ್ಟಿದ್ದ ಕಪ್ಪು ಈಗ ಉಳಿತಾಯದ ಉಪಾಯವಾಗಿದೆ. ಮೂರು ಬಣ್ಣಗಳೂ ಒಟ್ಟಿಗೆ ಬೀಳುವ ಕಡೆಯಲ್ಲಿ ಅವುಗಳ ಸಮಪಾಲನ್ನು ತೆಗೆದುಹಾಕಿ, ಬದಲಿಗೆ ಅಷ್ಟು ಕಪ್ಪನ್ನು ಹಾಕುವ ಲೆಕ್ಕವನ್ನು ಗಣಕವೇ ಮಾಡುತ್ತದೆ. ಬಣ್ಣದ ಶಾಯಿ ಉಳಿಯುತ್ತದೆ, ಬೇಗ ಒಣಗುತ್ತದೆ, ಬೂದುಬಣ್ಣ ಕಂದಿಗೋ ಹಸುರಿಗೋ ಜಾರುವುದಿಲ್ಲ. ವೃತ್ತಪತ್ರಿಕೆಗೆ ಇದು ವರವೇ. ಆದರೆ ವೆಂಕಟಪ್ಪನವರು ಉದಕಮಂಡಲದಲ್ಲಿ ಬರೆದ ಬೆಟ್ಟದ ಚಿತ್ರವೊಂದನ್ನು ಈ ಲೆಕ್ಕದಿಂದ ಅತಿಯಾಗಿ ಹಿಂಡಿದರೆ ಕಣಿವೆಯ ಮಂಜಿನ ನೀಲಿ ಇಳಿದುಹೋಗಿ ಬರಿಯ ಬೂದು ಉಳಿಯುತ್ತದೆ. ಅಂಥ ಚಿತ್ರಕ್ಕೆ ಕಪ್ಪನ್ನು ಕಡಿಮೆಮಾಡಿ ಮೂರು ಬಣ್ಣಗಳಿಗೇ ನೆರಳನ್ನು ಹೊರಿಸಬೇಕು. ವ್ಯಂಗ್ಯಚಿತ್ರಕ್ಕೋ ಜಾಹೀರಾತಿಗೋ ಕಪ್ಪನ್ನೇ ಮುಂದೆ ಬಿಡಬಹುದು. ಯಾವ ಚಿತ್ರಕ್ಕೆ ಎಷ್ಟೆಂಬುದನ್ನು ಗಣಕ ತಾನಾಗಿ ಹೇಳುವುದಿಲ್ಲ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಹೋಗಿ ಮೂಲವನ್ನು ಒಮ್ಮೆ ನೋಡಿಬಂದವನೇ ಅದನ್ನು ಹೇಳಬೇಕು.